ಡೇಟನ್‌ನಲ್ಲಿ ಸಿಕ್ಕ ಅಣ್ಣನ ಜಾಕೆಟ್ಟು

ನನ್ನ ಕನ್ನಡಕದ ಚೀಲಕ್ಕೆ ಅರವತ್ತು ವರ್ಷದ ಮೇಲಾಯಿತು. ಕಂದು ಬಣ್ಣದ ತೊಗಲಿನ ಚೀಲ. ಅಂಚು ಸವೆದಿದೆ, ಆದರೆ ಹೊಲಿಗೆ ಒಂದೂ ಬಿಟ್ಟಿಲ್ಲ. ಅದರ ಮೇಲ್ಭಾಗದಲ್ಲಿ ಸೂಜಿಯ ಸಣ್ಣ ತೂತುಗಳು ಸಾಲಾಗಿ ಇವೆ. ನಾಲ್ಕೂ ಕಡೆ ಸುತ್ತಿಕೊಂಡು ಬಂದು ಒಂದು ಉದ್ದನೆಯ ಚೌಕಟ್ಟಿನ ಹಾಗೆ ಕಾಣುತ್ತವೆ. ಅದು ಬರಿಯ ಅಲಂಕಾರ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಅದು ಅಲಂಕಾರವಲ್ಲ ಎಂದು ಗೊತ್ತಾದದ್ದು ಕಳೆದ ಏಪ್ರಿಲ್ ತಿಂಗಳಲ್ಲಿ, ಅಮೆರಿಕದ ಡೇಟನ್ ಎಂಬ ಊರಿನಲ್ಲಿ. ಅದೂ ನನ್ನ ಹತ್ತು ವರ್ಷದ ಮೊಮ್ಮಗಳ ಕಣ್ಣಿಗೆ ಬಿದ್ದದ್ದರಿಂದ.

ನನ್ನ ಮಗ ಓಹಯೋ ರಾಜ್ಯದ ಕೊಲಂಬಸ್ ನಗರದಲ್ಲಿದ್ದಾನೆ. ಅಲ್ಲಿಂದ ಡೇಟನ್‌ಗೆ ಕಾರಿನಲ್ಲಿ ಸುಮಾರು 110 ಕಿಲೋಮೀಟರು. ಬೆಂಗಳೂರಿನಿಂದ ಮಂಡ್ಯ ದಾಟಿ ಸ್ವಲ್ಪ ಮುಂದೆ ಹೋದಷ್ಟು ದೂರ ಅನ್ನಿ. "ಅಪ್ಪ, ನೀವು ವಿಮಾನದ ಕಾರ್ಖಾನೆಯವರ ಮಗ. ಇದನ್ನು ನೋಡದೆ ಊರಿಗೆ ಹೋಗಬಾರದು" ಎಂದು ಒಂದು ಶನಿವಾರ ಮಗ ಹೊರಡಿಸಿದ. ಹಿಂದಿನ ಸೀಟಿನಲ್ಲಿ ನಾನು, ಪುಟ್ಟಿ, ನಮ್ಮಿಬ್ಬರ ನಡುವೆ ಸೊಸೆ ಕಟ್ಟಿಕೊಟ್ಟ ಪುಳಿಯೋಗರೆಯ ಡಬ್ಬಿ.

ಮಕ್ಕಳೇ, ರೈಟ್ ಸಹೋದರರ ಹೆಸರು ನಿಮಗೆಲ್ಲ ಗೊತ್ತು. ಅವರ ಊರೇ ಡೇಟನ್. ವಿಲ್ಬರ್ ಮತ್ತು ಆರ್ವಿಲ್ ಇಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದರು. ಸೈಕಲ್ ರಿಪೇರಿ ಮಾಡುತ್ತಲೇ ವಿಮಾನದ ಕನಸು ಕಂಡರು. 1903ರಲ್ಲಿ ಮೊದಲು ಹಾರಿದ್ದು ಉತ್ತರ ಕೆರೊಲಿನಾದ ಕಡಲ ತೀರದಲ್ಲಾದರೂ ಹಾರುವುದನ್ನು ಸರಿಯಾಗಿ ಕಲಿತದ್ದು ಡೇಟನ್ ಪಕ್ಕದ ಒಂದು ಹುಲ್ಲುಗಾವಲಿನಲ್ಲಿ. ಆ ಹುಲ್ಲುಗಾವಲು ಈಗ ರೈಟ್-ಪ್ಯಾಟರ್ಸನ್ ವಾಯುನೆಲೆಗೆ ಸೇರಿದೆ. ಅದೇ ವಾಯುನೆಲೆಯ ಜಾಗದಲ್ಲಿ ಅಮೆರಿಕದ ವಾಯುಪಡೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಕಮಾನು ಚಾವಣಿಯ ನಾಲ್ಕು ಭಾರಿ ಕಟ್ಟಡಗಳು. ಒಳಗೆ 350ಕ್ಕೂ ಹೆಚ್ಚು ವಿಮಾನ, ಕ್ಷಿಪಣಿಗಳು. ಪ್ರವೇಶ ಶುಲ್ಕ ಒಂದು ಪೈಸೆಯೂ ಇಲ್ಲ.

ಒಳಗೆ ಕಾಲಿಟ್ಟ ಕೂಡಲೇ ಹುಡುಗರೆಲ್ಲ ವಿಮಾನಗಳ ಕಡೆ ಓಡುತ್ತಾರೆ. ಪುಟ್ಟಿ ಮಾತ್ರ ಗಾಜಿನ ಪೆಟ್ಟಿಗೆಗಳ ಮುಂದೆ ನಿಂತಳು. ಅವಳ ತರಗತಿಯ ಹುಡುಗಿಯೊಬ್ಬಳು "ಬಾಂಬರ್ ಜಾಕೆಟ್" ಹಾಕಿಕೊಂಡು ಬರುತ್ತಾಳಂತೆ. ತನಗೂ ಬೇಕು ಎಂದು ಒಂದು ತಿಂಗಳಿಂದ ಮನೆಯಲ್ಲಿ ಹಟ ನಡೆದಿತ್ತು.

"ತಾತ, ಮೊದಲು ಹಾರಿದವರು ಏನು ಹಾಕ್ಕೊಂಡಿದ್ರು?"

ಅಲ್ಲೇ ಇದ್ದ ಹಳೆಯ ಚಿತ್ರ ತೋರಿಸಿದೆ. ರೈಟ್ ಸಹೋದರರು ಮದುವೆ ಮನೆಗೆ ಹೊರಟವರ ಹಾಗೆ ಕೋಟು, ಟೈ, ತಲೆಗೆ ಟೋಪಿ ಧರಿಸಿದ್ದರು. ಆಗ ವಿಮಾನ ಮರದೆತ್ತರ ಹಾರಿದರೆ ಹೆಚ್ಚು. ಕೆಲವೇ ನಿಮಿಷದಲ್ಲಿ ಕೆಳಗಿಳಿಯುತ್ತಿತ್ತು. ಬೇರೆ ಉಡುಪು ಯಾತಕ್ಕೆ?

ಬೇಕಾದದ್ದು ಮೊದಲನೆಯ ಮಹಾಯುದ್ಧದಲ್ಲಿ. 1914ರ ನಂತರ ವಿಮಾನಗಳು ಸಾವಿರಾರು ಅಡಿ ಮೇಲಕ್ಕೆ ಹೋಗತೊಡಗಿದವು. ಮೇಲೆ ಹೋದಷ್ಟೂ ಚಳಿ. ಲೆಕ್ಕ ಬಲು ಸುಲಭ. ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿರುವುದರಿಂದಲೇ ಮಂಗಳೂರಿಗಿಂತ ತಂಪು. ಆ ಕಾಲದ ವಿಮಾನಕ್ಕೆ ಮುಚ್ಚಳವೇ ಇರಲಿಲ್ಲ. ಚಾಲಕನ ತಲೆ, ಎದೆ ಎಲ್ಲ ಗಾಳಿಗೆ ಬಿಟ್ಟುಕೊಂಡಿರುತ್ತಿದ್ದವು. ಮೋಟರ್ ಸೈಕಲ್ಲಿನಲ್ಲಿ ಹಿಮಾಲಯದ ಗಾಳಿಗೆ ಎದುರಾಗಿ ಹೋದ ಹಾಗೆ.

ಇದರ ಮೇಲೆ ಎಣ್ಣೆಯ ಕಾಟ. ಆಗಿನ ಬಹಳಷ್ಟು ಯುದ್ಧವಿಮಾನಗಳ ಎಂಜಿನ್ನಿಗೆ ಹಾಕುತ್ತಿದ್ದದ್ದು ಯಾವ ಎಣ್ಣೆ ಗೊತ್ತೇ? ಹರಳೆಣ್ಣೆ! ನಮ್ಮ ಅಜ್ಜಿ ಬಾಯಿ ಮುಚ್ಚಿಸಿ ಕುಡಿಸುತ್ತಿದ್ದಳಲ್ಲ, ಅದೇ. ಎಂಜಿನ್ನು ತಿರುಗುತ್ತ ಅದನ್ನು ತುಂತುರಾಗಿ ಹಿಂದಕ್ಕೆ ಎರಚುತ್ತಿತ್ತು. ಚಾಲಕನ ಮುಖ, ಕನ್ನಡಕ, ಬಟ್ಟೆ ಎಲ್ಲ ಹರಳೆಣ್ಣೆಮಯ. ಅದನ್ನು ನುಂಗಿ ಹೊಟ್ಟೆ ಕೆಡಿಸಿಕೊಂಡವರೂ ಉಂಟು. ಹೀಗಾಗಿ ಒರೆಸಿದರೆ ಹೋಗುವ, ಗಾಳಿ ಒಳಗೆ ಬಿಡದ ತೊಗಲಿನ ಕೋಟುಗಳು ಬಂದವು. ಕುತ್ತಿಗೆಗೆ ರೇಷ್ಮೆಯ ವಸ್ತ್ರ ಬಂತು. ಸಿನಿಮಾದಲ್ಲಿ ಅದನ್ನು ಶೋಕಿಗೆ ಹಾರಿಸುತ್ತಾರೆ. ನಿಜವಾಗಿ ಅದು ಕನ್ನಡಕ ಒರೆಸುವುದಕ್ಕೆ, ಮತ್ತೆ ಆ ಕಡೆ ಈ ಕಡೆ ತಿರುಗಿ ತಿರುಗಿ ಶತ್ರುವನ್ನು ಹುಡುಕುವಾಗ ಕುತ್ತಿಗೆ ಉಜ್ಜಿ ಗಾಯವಾಗದಿರುವುದಕ್ಕೆ.

ಪುಟ್ಟಿಗೆ ನಾನೊಂದು ಕಥೆ ಹೇಳಿದೆ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದವನು ಬ್ರಿಟಿಷ್ ನೌಕಾಪಡೆಯ ವಿಮಾನಗಳನ್ನು ಹಾರಿಸುತ್ತಿದ್ದ. ಒಂದು ಚಳಿಗಾಲದ ದಿನ ಎಂಜಿನ್ ರಿಪೇರಿ ಮಾಡುತ್ತಿದ್ದಾಗ ದಿಢೀರ್ ಎಂದು ಹಾರಬೇಕಾದ ಕರೆ ಬಂತು. ಎಣ್ಣೆ, ಗ್ರೀಸು ಮೆತ್ತಿದ್ದ ಕೊಳಕು ಮೇಲಂಗಿಯಲ್ಲೇ ಹತ್ತಿ ಹೋದ. ಕೆಳಗಿಳಿದಾಗ, ಒಳ್ಳೆಯ ಉಡುಪು ಹಾಕಿದ್ದ ಗೆಳೆಯರೆಲ್ಲ ಗಡಗಡ ನಡುಗುತ್ತಿದ್ದರು. ಇವನೊಬ್ಬ ಬೆಚ್ಚಗಿದ್ದ! ಯಾಕೆ ಎಂದು ಯೋಚಿಸಿದ. ಬಟ್ಟೆಯ ಎಳೆಗಳ ನಡುವಿನ ಸಂದುಗಳನ್ನು ಎಣ್ಣೆ ಮುಚ್ಚಿತ್ತು. ಗಾಳಿ ಒಳಗೆ ಬರಲಿಲ್ಲ, ಮೈಯ ಬಿಸಿ ಹೊರಗೆ ಹೋಗಲಿಲ್ಲ. ಅಷ್ಟೇ ಗುಟ್ಟು. ಅವನು ಲಂಡನ್‌ಗೆ ಹೋಗಿ ಒಳಗೆ ತುಪ್ಪಳ, ನಡುವೆ ಗಾಳಿ ತೂರದ ರೇಷ್ಮೆ, ಹೊರಗೆ ಗಟ್ಟಿ ಬಟ್ಟೆ ಇಟ್ಟು ಮೂರು ಪದರದ ಉಡುಪು ಹೊಲಿಸಿದ. ತನ್ನ ಹೆಸರನ್ನೇ ಕತ್ತರಿಸಿ ಅದಕ್ಕೆ 'ಸಿಡ್‌ಕಾಟ್' ಎಂದು ಹೆಸರಿಟ್ಟ. ಅದು 1917ರ ಮಾತು.

"ಅಂದ್ರೆ ಕೊಳಕು ಬಟ್ಟೆ ಒಳ್ಳೇದು!" ಎಂದಳು ಪುಟ್ಟಿ. ಅವರಪ್ಪ ಹಿಂದಿನಿಂದ ಕೆಮ್ಮಿದ.

ಅದೇ 1917ರಲ್ಲಿ ಅಮೆರಿಕದ ಸೇನೆಯೂ ಹಾರುವವರ ಉಡುಪಿಗೆಂದೇ ಒಂದು ಮಂಡಳಿ ನೇಮಿಸಿತು. ಡೇಟನ್‌ನ ಮೆಕ್‌ಕುಕ್ ಮೈದಾನದಲ್ಲಿ ಸೇನೆಯ ಎಂಜಿನಿಯರುಗಳು ಹೊಸ ವಿಮಾನಗಳನ್ನೂ ಸಾಮಾನುಗಳನ್ನೂ ಪರೀಕ್ಷಿಸುತ್ತಿದ್ದರು. 1919ರ ಏಪ್ರಿಲ್ 28ರಂದು ಲೆಸ್ಲಿ ಇರ್ವಿನ್ ಎಂಬಾತ ಇಲ್ಲೇ ವಿಮಾನದಿಂದ ಜಿಗಿದು, ಗಾಳಿಯಲ್ಲಿ ಬೀಳುತ್ತಲೇ ತನ್ನ ಕೈಯಿಂದಲೇ ದಾರ ಎಳೆದು ಪ್ಯಾರಾಚೂಟ್ ಬಿಚ್ಚಿದ. ಇಳಿಯುವಾಗ ಕಾಲಿನ ಗಿಣ್ಣು ಮುರಿಯಿತು, ಆದರೆ ಪ್ಯಾರಾಚೂಟ್ ಗೆದ್ದಿತು. ಆತ ಮುಂದೆ ಇಂಗ್ಲೆಂಡಿನಲ್ಲಿ ಕಾರ್ಖಾನೆ ತೆರೆದು ಕುರಿಯ ತೊಗಲಿನ ದಪ್ಪ ಜಾಕೆಟ್ಟುಗಳನ್ನೂ ಮಾಡಿದ. ಎರಡನೆಯ ಮಹಾಯುದ್ಧದ ಬ್ರಿಟಿಷ್ ವೈಮಾನಿಕರ ಚಿತ್ರಗಳಲ್ಲಿ, ಕಾಲರಿನಿಂದ ಉಣ್ಣೆ ಇಣುಕುವ ಜಾಕೆಟ್ಟು ಕಾಣುತ್ತದಲ್ಲ, ಅದು ಇರ್ವಿನ್‌ನದು.

ಪ್ಯಾರಾಚೂಟಿನಿಂದ ಜೀವ ಉಳಿಸಿಕೊಂಡವರದ್ದೇ ಒಂದು ಸಂಘವಿದೆ. ಅದರ ಹೆಸರು 'ಕ್ಯಾಟರ್‌ಪಿಲ್ಲರ್ ಕ್ಲಬ್', ಅಂದರೆ ಕಂಬಳಿಹುಳುವಿನ ಸಂಘ. ಸದಸ್ಯರು ಎದೆಗೆ ಹುಳುವಿನ ಆಕಾರದ ಪುಟ್ಟ ಚಿನ್ನದ ಪಿನ್ನು ಚುಚ್ಚಿಕೊಳ್ಳುತ್ತಾರೆ. ಹುಳು ಏಕೆ? ಆ ಕಾಲದ ಪ್ಯಾರಾಚೂಟು ರೇಷ್ಮೆಯದು. ರಾಮನಗರ, ಚನ್ನಪಟ್ಟಣದ ಕಡೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೀವ ಉಳಿಸಿದ ರೇಷ್ಮೆಹುಳುವಿಗೆ ಅವರು ಸಲ್ಲಿಸುವ ಕೃತಜ್ಞತೆ ಅದು.

ಮುಂದಿನ ಪೆಟ್ಟಿಗೆಯ ಹತ್ತಿರ ಹೋದೆವು. ನನ್ನ ಕಾಲು ಅಲ್ಲೇ ನಿಂತಿತು.

ಕಂದು ತೊಗಲು. ಅಂಗಿಯಂಥ ಕಾಲರು. ಮುಂದೆ ಜಿಪ್ಪು, ಅದನ್ನು ಮುಚ್ಚುವ ಒಂದು ಪಟ್ಟಿ. ಎರಡು ಮುಚ್ಚಳದ ಜೇಬು. ಹೆಗಲ ಮೇಲೆ ಪಟ್ಟಿ. ತೋಳಿನ ತುದಿಯಲ್ಲೂ ಸೊಂಟದಲ್ಲೂ ಹೆಣೆದ ಉಣ್ಣೆ. "ಎ-2" ಎಂದು ಬರೆದಿತ್ತು.

"ಏನಾಯ್ತು ತಾತ?"

"ಇದು ನಮ್ಮಪ್ಪನ ಹತ್ರ ಇತ್ತಮ್ಮ."

ಈಗ ನಾನು ಬೆಂಗಳೂರಿಗೆ ಹಿಂದಿರುಗಿ ಒಂದಿಷ್ಟು ಹೇಳಬೇಕು. ನಮ್ಮ ತಂದೆಯನ್ನು ನಾವು ಮಕ್ಕಳು 'ಅಣ್ಣ' ಎಂದು ಕರೆಯುತ್ತಿದ್ದೆವು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. ಇಂದಿನ ಎಚ್‌ಎಎಲ್‌ನ ಮೂಲ ಅದೇ. ಅಣ್ಣ ಅಲ್ಲಿ ಕ್ಯಾನ್ವಾಸು, ಸೀಟು ಹೊಲಿಯುವ ಕೆಲಸಕ್ಕೆ ಸೇರಿದಾಗ ಅವರಿಗೆ ಇಪ್ಪತ್ತು ವರ್ಷ. ಯುದ್ಧ ಬರ್ಮಾದವರೆಗೆ ಬಂದಾಗ, 1943ರಲ್ಲಿ, ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಯುದ್ಧದಲ್ಲಿ ದಣಿದ, ಪೆಟ್ಟಾದ ವಿಮಾನಗಳು ರಿಪೇರಿಗೆ ಬೆಂಗಳೂರಿಗೆ ಬರುತ್ತಿದ್ದವು. ಡಕೋಟ, ಲಿಬರೇಟರ್, ಮಿಚೆಲ್ ಎಂದು ಅಣ್ಣ ಹೆಸರು ಹೇಳುತ್ತಿದ್ದರೆ ನಮಗೆ ನೆಂಟರ ಹೆಸರು ಕೇಳಿದ ಹಾಗಿರುತ್ತಿತ್ತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಹೌದು, ಈಗ ನೊರೆ ಬಂದು ಪತ್ರಿಕೆಯಲ್ಲಿ ಚಿತ್ರ ಬರುತ್ತದಲ್ಲ, ಅದೇ ಕೆರೆ.

ಯುದ್ಧ ಮುಗಿದು ಅಮೆರಿಕದವರು ಹೊರಟಾಗ ಒಬ್ಬ ಸಾರ್ಜೆಂಟ್ ತನ್ನ ತೊಗಲಿನ ಜಾಕೆಟ್ಟನ್ನು ಅಣ್ಣನಿಗೆ ಕೊಟ್ಟು ಹೋದ. ಅದರ ಹರಿದ ಕೈಯನ್ನು ಅಣ್ಣ ಒಮ್ಮೆ ಹೊಲಿದುಕೊಟ್ಟಿದ್ದರಂತೆ. ಆಮೇಲೆ ಇಪ್ಪತ್ತು ವರ್ಷ, ಚಳಿಗಾಲದ ಬೆಳಗ್ಗೆ ಹಲಸೂರಿನಿಂದ ಮೊದಲ ಪಾಳಿಗೆ ಸೈಕಲ್ ತುಳಿಯುವಾಗ ಅಣ್ಣನ ಮೈಮೇಲೆ ಅದೇ. ಎಡ ಹೆಗಲಲ್ಲಿ ಒಂದು ಬಣ್ಣದ ಗುರುತು, ಕೆಳಗೆ ಕೆಂಪು-ಬಿಳಿ ಪಟ್ಟೆ, ಮೇಲೆ ನೀಲಿಯಲ್ಲಿ ಒಂದು ಸೂರ್ಯ, ಒಂದು ನಕ್ಷತ್ರ. ಬೀದಿಯ ಹುಡುಗರು ಅಣ್ಣನಿಗೆ 'ಪೈಲಟ್ ಮಾಮ' ಎಂದು ಹೆಸರಿಟ್ಟಿದ್ದರು. ಅವರು ಜೀವಮಾನದಲ್ಲಿ ಒಮ್ಮೆಯೂ ವಿಮಾನ ಹತ್ತಿರಲಿಲ್ಲ.

ಆ ಜಾಕೆಟ್ಟು ಮುಂದೆ ಹಾಳಾಯಿತು. ಉಳಿದ ಒಳ್ಳೆಯ ತೊಗಲಿನಲ್ಲಿ ಅಣ್ಣ ತಮ್ಮ ಕನ್ನಡಕಕ್ಕೆ ಚೀಲ ಹೊಲಿದುಕೊಂಡರು. ಅವರ ನಂತರ ಅದು ನನಗೆ ಬಂತು.

ಪೆಟ್ಟಿಗೆಯ ಪಕ್ಕದಲ್ಲಿ ಒಬ್ಬ ಹಿರಿಯ ಸ್ವಯಂಸೇವಕರು ನಿಂತಿದ್ದರು. ನನ್ನ ವಯಸ್ಸಿನವರೇ. ಬೆಂಗಳೂರು ಎಂದ ಕೂಡಲೇ ಅವರ ಮುಖ ಅರಳಿತು. ಹೆಗಲ ಗುರುತನ್ನು ನಾನು ವರ್ಣಿಸಿದಾಗ, ಚೀನಾ-ಬರ್ಮಾ-ಇಂಡಿಯಾ ರಣರಂಗದ ಗುರುತು ಅದು, ಸೂರ್ಯ ಚೀನಾದ್ದು, ನಕ್ಷತ್ರ ಇಂಡಿಯಾದ್ದು ಎಂದು ವಿವರಿಸಿದರು. ಅಂಥ ಗುರುತುಗಳನ್ನು ಅನೇಕ ಸಲ ನಮ್ಮ ದೇಶದ ದರ್ಜಿಗಳೇ ಕಸೂತಿ ಹಾಕಿ ಮಾಡಿಕೊಡುತ್ತಿದ್ದರಂತೆ.

ಎ-2 ಜಾಕೆಟ್ಟನ್ನು ಅಮೆರಿಕದ ಸೇನೆ ಒಪ್ಪಿಕೊಂಡದ್ದು 1931ರಲ್ಲಿ. ಅದಕ್ಕೆ ಮುಂಚೆ 1927ರಿಂದ ಎ-1 ಇತ್ತು. ಅದಕ್ಕೆ ಗುಂಡಿಗಳು. ಕೈಚೀಲ ಹಾಕಿಕೊಂಡು ಗುಂಡಿ ಹಾಕಿ ನೋಡಿ, ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ. ಗುಂಡಿಗಳ ನಡುವೆ ಗಾಳಿಯೂ ನುಗ್ಗುತ್ತದೆ. ಎ-2ಗೆ ಜಿಪ್ಪು ಬಂತು. ಆಗ ಜಿಪ್ಪು ಹೊಸದು, ಬಟ್ಟೆಗೆ ಹಾಕುವುದೇ ಅಪರೂಪ. ಹೆಚ್ಚಾಗಿ ಕುದುರೆಯ ತೊಗಲು, ಕೆಲವಕ್ಕೆ ಆಡಿನ ತೊಗಲು. ತಮಾಷೆ ಎಂದರೆ ಸೇನೆಯ ಲೆಕ್ಕದಲ್ಲಿ ಎ-2 ಬೇಸಿಗೆಯ ಜಾಕೆಟ್ಟು! ಚಳಿಗಾಲಕ್ಕೆ ಬೇರೆಯದೇ ಇತ್ತು. 1934ರಲ್ಲಿ ಬಂದ ಬಿ-3. ಒಳಗೆ ಬೆರಳು ಮುಳುಗುವಷ್ಟು ಉಣ್ಣೆ ಇರುವ ಕುರಿಯ ತೊಗಲು, ಕುತ್ತಿಗೆಗೆ ಬಿಗಿಯುವ ಪಟ್ಟಿ. ಅದನ್ನು ಹಾಕಿದವನು ಕರಡಿಯ ಹಾಗೆ ಕಾಣುತ್ತಾನೆ.

ಅಷ್ಟು ದಪ್ಪ ಏಕೆ ಬೇಕಿತ್ತು ಎಂದು ತಿಳಿಯಲು ನಾವು 'ಮೆಂಫಿಸ್ ಬೆಲ್' ವಿಮಾನದ ಹತ್ತಿರ ಹೋದೆವು. ಇದು ಬಿ-17 ಬಾಂಬರ್. ಹತ್ತು ಜನರ ತಂಡ. ಇಂಗ್ಲೆಂಡಿನಿಂದ ಹಾರಿ, ಜರ್ಮನರ ಹಿಡಿತದಲ್ಲಿದ್ದ ಊರುಗಳ ಮೇಲೆ 25 ಸಲ ದಾಳಿ ಮುಗಿಸಿ 1943ರಲ್ಲಿ ಸುರಕ್ಷಿತವಾಗಿ ಮರಳಿದ್ದಕ್ಕೆ ಹೆಸರಾದದ್ದು. ವರ್ಷಗಟ್ಟಲೆ ದುರಸ್ತಿ ಮಾಡಿ 2018ರ ಮೇ ತಿಂಗಳಿನಿಂದ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಅದರ ಎರಡೂ ಪಕ್ಕದಲ್ಲಿ ಕಿಟಕಿಗಳಿವೆ. ಬಂದೂಕು ಹಿಡಿದವರು ಅಲ್ಲಿ ನಿಲ್ಲುತ್ತಿದ್ದರು. 25 ಸಾವಿರ ಅಡಿ ಎತ್ತರದಲ್ಲಿ, ತೆರೆದ ಕಿಟಕಿಯ ಮುಂದೆ! ಚಳಿಗಾಲದಲ್ಲಿ ಅಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ.

"ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ?" ಎಂದಳು ಪುಟ್ಟಿ. ಅಮೆರಿಕದ ಮಕ್ಕಳಿಗೆ ಈ ಸಂದೇಹ ಸದಾ ಇರುತ್ತದೆ.

"ಯಾವುದಾದ್ರೂ ಒಂದೇ. ಮೈನಸ್ 40ರಲ್ಲಿ ಎರಡೂ ಕೂಡುತ್ತವೆ, ಲೆಕ್ಕ ಮಾಡಿ ನೋಡು" ಎಂದೆ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದಳು. ಸರಿ ಬಂತು. ಓದುವ ಮಕ್ಕಳೇ, ನೀವೂ ಹಾಕಿ ನೋಡಿ.

ಆ ಚಳಿಯಲ್ಲಿ ಬರಿಗೈಯಿಂದ ಬಂದೂಕಿನ ಲೋಹ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತು ಬರುತ್ತದೆ. ಬೆರಳು, ಕಿವಿ, ಕೆನ್ನೆ ಮರಗಟ್ಟಿ ಆಸ್ಪತ್ರೆ ಸೇರಿದ ಹುಡುಗರು ಬಹಳ. ಕೊನೆಗೆ ವಿದ್ಯುತ್ ತಂತಿ ಹೊಲಿದ ಉಡುಪುಗಳು ಬಂದವು. ವಿಮಾನದ ಪ್ಲಗ್ಗಿಗೆ ಸಿಕ್ಕಿಸಿದರೆ ಮೈ ಬೆಚ್ಚಗಾಗುತ್ತಿತ್ತು. ತಂತಿ ತುಂಡಾದರೆ ಮತ್ತೆ ಕುರಿಯ ತೊಗಲೇ ಗತಿ.

ಅಲ್ಲೇ ಒಂದು ಎ-2 ಜಾಕೆಟ್ಟಿನ ಬೆನ್ನ ಮೇಲೆ ಬಣ್ಣದಲ್ಲಿ ವಿಮಾನದ ಹೆಸರು ಬರೆದಿತ್ತು. ಕೆಳಗೆ ಸಾಲಾಗಿ ಪುಟ್ಟ ಪುಟ್ಟ ಬಾಂಬಿನ ಚಿತ್ರಗಳು.

"ಇದು ಟೀಚರ್ ಕೊಡೋ ಸ್ಟಾರ್ ಥರಾನಾ?"

"ಒಂದೊಂದು ಸಲ ಹೋಗಿ ಬಾಂಬ್ ಹಾಕಿ ಬಂದ್ರೆ ಒಂದೊಂದು ಚಿತ್ರ."

ಬೆರಳು ಗಾಜಿಗೆ ಒತ್ತಿ ಎಣಿಸತೊಡಗಿದಳು. ಅರ್ಧಕ್ಕೆ ನಿಲ್ಲಿಸಿದಳು. "ಕೆಳಗೆ ಯಾರಿದ್ರು ತಾತ?"

ನಾನು ಮೂವತ್ತನಾಲ್ಕು ವರ್ಷ ಮೇಷ್ಟರಾಗಿದ್ದವನು. ಇಂಥ ಪ್ರಶ್ನೆಗೆ ಉತ್ತರ ತಯಾರಿರಲಿಲ್ಲ. ಕೆಳಗೆ ಕಾರ್ಖಾನೆಗಳಿದ್ದವು, ಬಂದರುಗಳಿದ್ದವು, ಅವುಗಳ ಪಕ್ಕದಲ್ಲೇ ಮನೆಗಳೂ ಇದ್ದವು ಎಂದೆ. ಮೇಲಿದ್ದವರಿಗೂ ಹೆಚ್ಚೆಂದರೆ ಇಪ್ಪತ್ತು-ಇಪ್ಪತ್ತೆರಡು ವರ್ಷ, ಅವರಲ್ಲಿ ಎಷ್ಟೋ ಜನ ಹಿಂದೆ ಬರಲಿಲ್ಲ ಎಂದೆ. ಎರಡೂ ನಿಜ. ಅವಳು ಮತ್ತೆ ಎಣಿಸಲಿಲ್ಲ.

ಇನ್ನೊಂದು ಕಡೆ ರೇಷ್ಮೆಯ ಚೌಕವೊಂದಿತ್ತು, ಮೇಲೆ ಚೀನಾದ ಧ್ವಜ, ಕೆಳಗೆ ಚೀನೀ ಅಕ್ಷರ. ಚೀನಾಕ್ಕೆ ನೆರವಾಗಲು ಬಂದ 'ಹಾರುವ ಹುಲಿಗಳು' ಎಂಬ ಅಮೆರಿಕನ್ ತಂಡದವರು ಇಂಥದ್ದನ್ನು ಜಾಕೆಟ್ಟಿನ ಬೆನ್ನಿಗೆ ಹೊಲಿದುಕೊಳ್ಳುತ್ತಿದ್ದರು. ನಮ್ಮ ಸಹಾಯಕ್ಕೆ ಬಂದ ಪರದೇಶಿ ಇವನು, ಇವನನ್ನು ಕಾಪಾಡಿ ಎಂಬುದು ಅದರ ಸಾರ. ಭಾಷೆ ಬಾರದ ಊರಲ್ಲಿ ಬಿದ್ದವನ ಪರವಾಗಿ ಅವನ ಜಾಕೆಟ್ಟೇ ಮಾತಾಡಬೇಕಿತ್ತು. ಅಸ್ಸಾಮಿನಿಂದ ಹಿಮಾಲಯದ ಬೆಟ್ಟಸಾಲು ದಾಟಿ ಚೀನಾದ ಕುನ್‌ಮಿಂಗ್‌ಗೆ ಸಾಮಾನು ಒಯ್ಯುತ್ತಿದ್ದ ವಿಮಾನಗಳು ನೂರಾರು ಬಿದ್ದವು. ಬೆಟ್ಟ, ಕಾಡು, ಮೋಡ. ಬಿದ್ದವರಲ್ಲಿ ಎಷ್ಟೋ ಮಂದಿಯ ಗುರುತೇ ಸಿಗಲಿಲ್ಲ.

ಪುಟ್ಟಿ ಮೊದಲಿನ ಪೆಟ್ಟಿಗೆಗೆ ಮತ್ತೆ ನನ್ನನ್ನು ಎಳೆದುಕೊಂಡು ಹೋದಳು. "ನಿನ್ನ ಚೀಲ ಕೊಡು, ಬಣ್ಣ ಒಂದೇನಾ ನೋಡೋಣ." ಕನ್ನಡಕದ ಚೀಲವನ್ನು ಗಾಜಿನ ಹತ್ತಿರ ಹಿಡಿದಳು. ಬಣ್ಣ ಒಂದೇ. ಆಮೇಲೆ ಅವಳು ಜಾಕೆಟ್ಟಿನ ಎಡ ಎದೆಯನ್ನು ನೋಡಿದಳು. ಅಲ್ಲಿ ಬೆರಳಗಲದ ತೊಗಲಿನ ಪಟ್ಟಿ ಹೊಲಿದಿತ್ತು. ಪಟ್ಟಿಯ ಮೇಲೆ ಅಚ್ಚೊತ್ತಿದ ಹೆಸರು. ಸುತ್ತಲೂ ಹೊಲಿಗೆ.

"ತಾತ, ಇದೇ ತೂತು!"

ಸ್ವಯಂಸೇವಕರು ಬಗ್ಗಿ ನೋಡಿದರು. ಚೀಲವನ್ನು ಕೈಗೆ ತೆಗೆದುಕೊಳ್ಳುವ ಮೊದಲು ಎರಡೂ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ತೂತುಗಳ ಸಾಲಿನ ಮೇಲೆ ಬೆರಳಾಡಿಸಿ ಮೆಲ್ಲಗೆ ಹೇಳಿದರು: ಹೆಸರಿನ ಪಟ್ಟಿ ಇದ್ದ ಜಾಗವೇ ಇದು, ಯಾರೋ ಜೋಪಾನವಾಗಿ ಬಿಚ್ಚಿದ್ದಾರೆ, ತೊಗಲು ಎಲ್ಲೂ ಹರಿದಿಲ್ಲ.

ಯಾರು ಬಿಚ್ಚಿದರು? ಕೊಡುವಾಗ ಆ ಸಾರ್ಜೆಂಟನೇ ಬಿಚ್ಚಿಕೊಂಡನೇ? ಅಥವಾ ಅವನು ಹೆಸರು ಬಿಚ್ಚಿ ಅಣ್ಣನ ಕೈಗೆ ಕೊಟ್ಟನೇ? ಈಗ ಕೇಳಲು ಯಾರೂ ಇಲ್ಲ. ಒಂದು ಮಾತ್ರ ಖಚಿತ. ಅಣ್ಣ ನುರಿತ ಕೆಲಸಗಾರ. ತೂತಿಲ್ಲದ ತೊಗಲನ್ನು ಬೆನ್ನಿನ ಕಡೆಯಿಂದ ಕತ್ತರಿಸಬಹುದಿತ್ತು. ಅವರು ಎದೆಯ ತುಂಡನ್ನೇ ಆರಿಸಿದರು. ಹೆಸರಿದ್ದ ಜಾಗ ಚೀಲದ ನಡುವೆ ಬರುವ ಹಾಗೆ ಅಳೆದು ಕತ್ತರಿಸಿದರು. ಅದನ್ನು ನಾನು ಅರವತ್ತು ವರ್ಷ ಅಲಂಕಾರ ಎಂದುಕೊಂಡಿದ್ದೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಎ-2ರ ಕಾಲ ಹೆಚ್ಚು ನಡೆಯಲಿಲ್ಲ. 1943ರಲ್ಲಿ ಸೇನಾ ವಾಯುಪಡೆಯ ಮುಖ್ಯಸ್ಥ ಜನರಲ್ ಆರ್ನಾಲ್ಡ್ ತೊಗಲಿನ ಜಾಕೆಟ್ಟು ಸಾಕು, ಇನ್ನು ಬಟ್ಟೆಯದು ಎಂದರು. ಬಿ-10 ಎಂಬ ಬಟ್ಟೆಯ ಜಾಕೆಟ್ಟು ಬಂತು. ಹುಡುಗರು ಮಾತ್ರ ಹಳೆಯದನ್ನು ಬಿಡದೆ ಹಾಕಿಕೊಂಡರು. ಅದೇ ಕಟ್ಟಡದಲ್ಲಿ 'ಬಾಕ್ಸ್‌ಕಾರ್' ನಿಂತಿದೆ. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬ್ ಹಾಕಿದ ಬಿ-29 ವಿಮಾನ. ಬಿ-29ರಲ್ಲಿ ತಂಡದವರು ಕೂರುವ ಜಾಗಕ್ಕೆ ಗಾಳಿಯ ಒತ್ತಡ ತುಂಬುವ ವ್ಯವಸ್ಥೆ ಇತ್ತು, ಬೆಚ್ಚಗೂ ಇರುತ್ತಿತ್ತು. ಬರಿಯ ಅಂಗಿಯಲ್ಲೇ ಕೆಲಸ ಮಾಡಬಹುದಿತ್ತು. ಚಳಿಯನ್ನು ಗೆದ್ದರೆಂದು ಸಂತೋಷಪಡಲು ಆ ವಿಮಾನದ ಮುಂದೆ ನನಗೆ ಆಗಲಿಲ್ಲ. ಪುಟ್ಟಿಯೂ ಅದರ ಕೆಳಗೆ ನಿಂತು ಚಿತ್ರ ತೆಗೆಸಿಕೊಳ್ಳಲು ಒಪ್ಪಲಿಲ್ಲ.

ಯುದ್ಧದ ನಂತರ ಜೆಟ್ ವಿಮಾನಗಳು ಬಂದವು. ಒಳಗೆ ಜಾಗ ಇಕ್ಕಟ್ಟು, ಸುತ್ತ ತಂತಿ, ಪಟ್ಟಿ. ದಪ್ಪ ತೊಗಲು, ಉಣ್ಣೆಯ ಕಾಲರು ಅಡ್ಡ ಬರತೊಡಗಿದವು. ಅದಕ್ಕೆ 1950ರ ದಶಕದಲ್ಲಿ ನೈಲಾನಿನ ಎಂಎ-1 ಜಾಕೆಟ್ಟು. ಹಗುರ, ನೀರು ಹೀರುವುದಿಲ್ಲ, ಕಾಲರಿನ ಬದಲು ಹೆಣೆದ ಕುತ್ತಿಗೆಪಟ್ಟಿ, ತೋಳಿನ ಮೇಲೆ ಪೆನ್ನಿಗೆ ಜೇಬು. ಆಮೇಲೆ ಒಳಗೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಬಟ್ಟೆ ಸೇರಿಸಿದರು. ವಿಮಾನ ಬಿದ್ದು ಬದುಕಿ ಉಳಿದವನು ಜಾಕೆಟ್ಟನ್ನು ಒಳಗುಹೊರಗು ಮಾಡಿ ಹಾಕಿಕೊಂಡರೆ ಹುಡುಕುವವರಿಗೆ ದೂರದಿಂದಲೇ ಕಾಣಲಿ ಎಂದು. 1970ರ ದಶಕದಲ್ಲಿ ನೋಮೆಕ್ಸ್ ಎಂಬ, ಬೆಂಕಿಗೆ ಸುಲಭವಾಗಿ ಹತ್ತಿಕೊಳ್ಳದ ಎಳೆಯ ಜಾಕೆಟ್ಟುಗಳು ಬಂದವು. 1988ರಲ್ಲಿ ಎ-2 ಮತ್ತೆ ವಾಯುಪಡೆಗೆ ಮರಳಿತು. ಈ ಸಲ ಚಳಿಗಲ್ಲ, ಅಭಿಮಾನಕ್ಕೆ. ಪುಟ್ಟಿಯ ಗೆಳತಿ ಶಾಲೆಗೆ ಹಾಕಿಕೊಂಡು ಬರುವುದು ಎಂಎ-1ರ ಮರಿ.

ಅಂಗಡಿಯಲ್ಲಿ ಮಕ್ಕಳ ಅಳತೆಯ ಜಾಕೆಟ್ಟುಗಳು ತೂಗುಹಾಕಿದ್ದವು. ಪುಟ್ಟಿ ಒಂದನ್ನು ಹಾಕಿ ಕನ್ನಡಿ ನೋಡಿಕೊಂಡಳು. ಒಳಗೆ ಕಿತ್ತಳೆ ಬಣ್ಣ. ಬೆನ್ನ ಮೇಲೆ ಬಾಂಬಿನ ಚಿತ್ರವಿದ್ದ ಇನ್ನೊಂದನ್ನು ಮುಟ್ಟಲಿಲ್ಲ. ಅವರಪ್ಪ ಬೆಲೆ ನೋಡಿ ಒಮ್ಮೆ ಉಸಿರೆಳೆದು ಕೊಡಿಸಿದ.

ಹೊರಗೆ ಬಂದಾಗ ಮಳೆ. ಕಾರು ದೂರ. ಓಡಿದೆವು. ಕೈಯಲ್ಲೇ ಇದ್ದ ಕನ್ನಡಕದ ಚೀಲ ಚೆನ್ನಾಗಿ ನೆನೆದಿತ್ತು. ಕಾರಿನಲ್ಲಿ ಬಿಸಿಗಾಳಿ ಬರುವ ಕಿಂಡಿಯ ಮುಂದೆ ಪುಟ್ಟಿ ಅದನ್ನು ಹಿಡಿಯಲು ಹೋದಳು.

"ಬೇಡಮ್ಮ! ಬಿಸಿಗೆ ಹಿಡೀಬೇಡ!"

ನನ್ನ ದನಿ ಜೋರಾಗಿಹೋಯಿತು. ಮಗ ತಿರುಗಿ ನೋಡಿದ.

ಹಾಗಾಗಿ ಹೇಳಲೇಬೇಕಾಯಿತು. ಆಗ ನನಗೆ ಹದಿಮೂರು ವರ್ಷ. ಶಾಲೆಯ ಗೆಳೆಯರಿಗೆ ತೋರಿಸಬೇಕೆಂದು, ಅಣ್ಣ ಎರಡನೆಯ ಪಾಳಿಗೆ ಹೋಗಿದ್ದಾಗ, ಜಾಕೆಟ್ಟು ಹಾಕಿಕೊಂಡು ಹೋದೆ. ಬರುವಾಗ ಹಲಸೂರು ಕೆರೆಯ ಹತ್ತಿರ ಜಡಿಮಳೆ. ತೊಗಲು ನೆನೆದು ಮಣಭಾರವಾಯಿತು. ಅಣ್ಣ ಬರುವುದರೊಳಗೆ ಒಣಗಲಿ ಎಂದು ಬಚ್ಚಲ ಹಂಡೆಯ ಒಲೆಯ ಪಕ್ಕ ಹರವಿದೆ. ಒಂದು ಗಂಟೆಯಲ್ಲಿ ಅದು ಹಪ್ಪಳದ ಹಾಗೆ ಸುರುಟಿಕೊಂಡು, ಬೆನ್ನು, ತೋಳು ಎಲ್ಲ ಬಿರಿದುಹೋಯಿತು.

ಅಣ್ಣ ಬಂದು ನೋಡಿದರು. ಬೈಯಲಿಲ್ಲ, ಹೊಡೆಯಲಿಲ್ಲ. "ತೊಗಲು ನೆನೆದರೆ ನೆರಳಲ್ಲಿ ಒಣಗಿಸಬೇಕು ಕಣೋ" ಎಂದರು, ಅಷ್ಟೆ. ಆ ಚಳಿಗಾಲದಲ್ಲಿ ಅಣ್ಣ ಹತ್ತಿಯ ಕೋಟಿನ ಮೇಲೆ ಅಮ್ಮನ ಹಳೆಯ ಶಾಲು ಸುತ್ತಿಕೊಂಡು ಸೈಕಲ್ ತುಳಿದರು. ನಾನು ಕ್ಷಮಿಸಿ ಎನ್ನಲಿಲ್ಲ. ಆಗ ಹೆದರಿಕೆ, ಆಮೇಲೆ ನಾಚಿಕೆ, ಆಮೇಲೆ ಅವರೇ ಇರಲಿಲ್ಲ. ಈ ಮಾತನ್ನು ನಾನು ನನ್ನ ಹೆಂಡತಿಗೂ ಹೇಳಿರಲಿಲ್ಲ.

ಕಾರಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗಾಜಿನ ಮೇಲೆ ಮಳೆ ಒರೆಸುವ ಕಡ್ಡಿಯ ಸದ್ದು ಮಾತ್ರ.

ಪುಟ್ಟಿ ತನ್ನ ಹೊಸ ಜಾಕೆಟ್ಟನ್ನು ಬಿಚ್ಚಿದಳು. ಒಳಗಿನ ಕಿತ್ತಳೆ ಬಟ್ಟೆಯಿಂದ ಚೀಲವನ್ನು ಒತ್ತಿ ಒತ್ತಿ ಒರೆಸಿದಳು, ಉಜ್ಜಲಿಲ್ಲ. ಆಮೇಲೆ ಬಿಸಿಗಾಳಿ ತಾಕದ ಕಡೆ, ಪುಳಿಯೋಗರೆ ಡಬ್ಬಿಯ ಮೇಲೆ ಇಟ್ಟಳು.

"ನೆರಳಲ್ಲಿ ಇಟ್ಟಿದೀನಿ ತಾತ" ಎಂದಳು.

ಕೊಲಂಬಸ್ ತಲುಪುವ ಹೊತ್ತಿಗೆ ಚೀಲ ಒಣಗಿತ್ತು. ತೂತುಗಳು ಎಲ್ಲಿದ್ದವೋ ಅಲ್ಲೇ ಇದ್ದವು.